ಹಾಡಿನೊಳಗಿನ ಬೀಗ

ಮಾರ್ಚ್ ೯, ಸೋಮವಾರ

ಇವತ್ತು ಲಾಂಡ್ರಿಯಲ್ಲಿ ಇವರ ದನಿ ಕೇಳಿಸಿತು.

ಮಧ್ಯಾಹ್ನದ ಲೋಡು ಇಸ್ತ್ರಿಯ ರೋಲರ್‌ನಿಂದ ಬರುತ್ತಿತ್ತು. ಬಿಸಿ ಬೆಡ್‌ಶೀಟಿನ ಈ ತುದಿ ನಾನು, ಆ ತುದಿ ಗುಂಡಿ ಅಕ್ಕ. ಅವಳು ಮೊದಲು ಇಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳಂತೆ. ಆ ಕೆಲಸ ಬಿಟ್ಟು ಹತ್ತು ವರ್ಷವಾದರೂ ಹೆಸರು ಅವಳನ್ನು ಬಿಟ್ಟಿಲ್ಲ. ಕಿಟಕಿಯ ಮೇಲಿನ ರೇಡಿಯೋದಲ್ಲಿ ಜಾಹೀರಾತು ಮುಗಿದು ಒಂದು ಗಳಿಗೆ ಏನೂ ಇರಲಿಲ್ಲ. ಆಮೇಲೆ ಇವರು, ಪಕ್ಕದಲ್ಲೇ ನಿಂತವರ ಹಾಗೆ, "ಬೀಗ ಹಾಕ್ಕೊಂಡು ಹೋಗು" ಅಂದರು. ಒಬ್ಬ ಹೆಂಗಸು "ಹಾಕಿದೆ" ಅಂದಳು. ಟಕ್ ಎಂದು ಬೀಗ ಬಿತ್ತು. ಆ ಟಕ್ಕಿನ ಮೇಲೆಯೇ ಇವರ ಬೇಸ್ ಗಿಟಾರ್ ಶುರುವಾಯಿತು.

ಬೆಡ್‌ಶೀಟು ನನ್ನ ಕೈ ಜಾರಿ ಒದ್ದೆ ನೆಲದ ಮೇಲೆ ಬಿತ್ತು.

"ಏನೇ, ಹೋಟೆಲಿನವರು ಇದರ ಮೇಲೆ ಮಲಗಬೇಕಾ, ಈಜಬೇಕಾ?" ಅಂದಳು ಗುಂಡಿ ಅಕ್ಕ.

ಅದನ್ನು ಮತ್ತೆ ತೊಳೆಯಲು ಹಾಕಿ ಬಂದೆ. ಬರುವಷ್ಟರಲ್ಲಿ ಹಾಡು ಮುಗಿದಿತ್ತು. 

ಮಾರ್ಚ್ ೧೦, ಮಂಗಳವಾರ

ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಯಾವತ್ತೋ ಯಾರ ಮುಂದೆಯೋ ಬಾಯಿಂದ ಬಂದುಬಿಡುತ್ತದೆ. ಇದು ಇವರು ತಾಳ ಗುರುತು ಹಾಕಿಕೊಳ್ಳುತ್ತಿದ್ದ ಪುಸ್ತಕ. ಹಿಂದಿನ ಹಾಳೆಗಳು ಖಾಲಿ ಇವೆ.

ಇವರು ಹೋಟೆಲಿನ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದರು. ಮನೆಯಲ್ಲಿ ತಮ್ಮದೇ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದರು, ಎಲ್ಲ ರೆಗೆ ಎಂಬ ಹೊರದೇಶದ ಧಾಟಿಯವು. ಬೇರೆಯವರು ಎಲ್ಲಿ ಹೊಡೆಯುತ್ತಾರೋ ಅಲ್ಲಿ ನಾವು ಸುಮ್ಮನಿರಬೇಕು, ಅವರು ಸುಮ್ಮನಿರುವ ಕಡೆ ಹೊಡೆಯಬೇಕು, ಅಷ್ಟೇ ಈ ಸಂಗೀತ ಅನ್ನುತ್ತಿದ್ದರು. ನಮ್ಮದು ಸಾಲುಮನೆ. ಹತ್ತು ನಿಮಿಷಕ್ಕೊಬ್ಬರು ಬಾಗಿಲು ಬಡಿಯುತ್ತಾರೆ. ಅದಕ್ಕೇ ನಾನು ಕೆಲಸಕ್ಕೆ ಹೊರಡುವಾಗ ಇವರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಕು. ಬೀಗ ಕಂಡರೆ ಜನ ಹಿಂದಿರುಗುತ್ತಾರೆ. ಇವರ ಫೋನು ನನ್ನ ಚೀಲದಲ್ಲಿ. ನಾಲ್ಕು ವರ್ಷ ಹೀಗೇ ನಡೆಯಿತು. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಿಸಿರಲಿಲ್ಲ.

ಆಗಸ್ಟ್ ಹನ್ನೊಂದರಂದು ಎಂಟು ನಲವತ್ತಕ್ಕೆ ಹೊರಟೆ. ಹಳೆಯ ಬೀಗ ತುಕ್ಕು ಹಿಡಿದಿತ್ತು, ಹಿಂದಿನ ದಿನವಷ್ಟೇ ಹಿತ್ತಾಳೆಯದೊಂದು ಹೊಸದು ತಂದಿದ್ದೆ. ಬಸ್ಸಿನ ಅವಸರದಲ್ಲಿ, ಹಾಕುವ ಮೊದಲೇ "ಹಾಕಿದೆ" ಅಂದೆ. ಆಗ ನನಗೆ ಅರ್ಧ ದಿನದ ಕೆಲಸ; ಒಂದೂವರೆಗೆ ಬಂದು ಬೀಗ ತೆಗೆದಾಗ ಇವರು ಕುರ್ಚಿಯ ಪಕ್ಕ ಬಿದ್ದಿದ್ದರು. ಎದೆಯ ಮೇಲೆ ಗಿಟಾರ್. ಮುಖ ಬಾಗಿಲ ಕಡೆಗೆ.

ನಾನು ಮೊದಲು ಮಾಡಿದ್ದು ಕೂಗಿದ್ದಲ್ಲ. ಬೀಗವನ್ನು ಚೀಲದೊಳಗೆ ತುರುಕಿದ್ದು. ಯಾಕೆ ಹಾಗೆ ಮಾಡಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೃದಯ ನಿಂತಿದೆ, ಬೆಳಿಗ್ಗೆಯೇ ಆಗಿರಬೇಕು ಎಂದರು ಡಾಕ್ಟರು. ಬಂದವರಲ್ಲಿ ಯಾರೋ, ಆಗಲೇ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದರೇನೋ ಎಂದರು. ಬಾಗಿಲು ಸುಮ್ಮನೆ ಎಳೆದುಕೊಂಡಿತ್ತು ಎಂದು ನಾನು ಹೇಳಿದೆ. ಡಾಕ್ಟರಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಕೇಳದವರಿಗೂ ಹೇಳಿದೆ.

ಆ ಹೊಸ ಬೀಗ ಆ ಬಾಗಿಲಿಗೆ ಬಿದ್ದದ್ದು ಒಂದೇ ದಿನ. ರೇಡಿಯೋದಲ್ಲಿ ಬಂದ ಟಕ್ ಅದರದ್ದು. ಆ ಹೆಂಗಸು ನಾನು.

ಮಾರ್ಚ್ ೧೨, ಗುರುವಾರ

ಸಂಜೆ ಕೇಬಲ್ ಬಂದಿದ್ದ. ಇವರ ಗೆಳೆಯ; ರೆಕಾರ್ಡಿಂಗ್ ಕೆಲಸದವನು, ಕೊರಳಲ್ಲಿ ಯಾವಾಗಲೂ ಒಂದು ವೈರು ಸುತ್ತಿರುತ್ತದೆ. ಇವರು ತೀರಿಕೊಂಡ ವಾರದಲ್ಲೇ ಕಣ್ಣೆದುರು ಇರಬಾರದೆಂದು ರೆಕಾರ್ಡರನ್ನು ಅವನಿಗೆ ಕೊಟ್ಟುಬಿಟ್ಟಿದ್ದೆ. ಒಳಗೆ ಏನಿದೆ ಎಂದು ಯೋಚಿಸಿರಲಿಲ್ಲ. ಅವನು ಅದರಲ್ಲಿನ ಬೇಸ್ ನುಡಿಕೆಗೆ ಒಬ್ಬ ಹುಡುಗಿಯಿಂದ ಹಾಡಿಸಿ, ಡ್ರಮ್ ಸೇರಿಸಿ ಹೊರಗೆ ಬಿಟ್ಟಿದ್ದಾನೆ.

"ರಾಗ ಯಾವುದು ಗೊತ್ತಾಯ್ತಾ ಅತ್ತಿಗೆ? ಅಮ್ಮ ತೊಟ್ಟಿಲು ತೂಗೋವಾಗ ಗುನುಗ್ತಿದ್ದದ್ದು. ಅಣ್ಣ ಅದನ್ನ ತಂದು ರೆಗೆ ಮೇಲೆ ಕೂರಿಸಿದ್ದಾರೆ. ಇಂಥದ್ದು ಯಾರೂ ಮಾಡಿಲ್ಲ ಅಂತ ಹೊರಗಿನವರು ಬರೀತಿದ್ದಾರೆ."

ಅಮ್ಮ ಅಂದರೆ ನಮ್ಮ ಅತ್ತೆ. ಮಗ ಹೋದಮೇಲೆ ಎರಡು ಬೀದಿ ಆಚೆಯ ಮಗಳ ಮನೆ ಬಿಟ್ಟು ನನ್ನ ಜೊತೆ ಬಂದು ಇದ್ದಾರೆ. ಕೇಬಲ್ ಫೋನಿನಲ್ಲಿ ಹಾಡು ಹಾಕಿದ. ಟಕ್ ಎಂದಿತು. ಅತ್ತೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಹಾಡು ಮುಗಿಯುವವರೆಗೆ ನೀರು ಸುರಿಯುತ್ತಲೇ ಇತ್ತು.

"ಇದು ಯಾವತ್ತಿಂದು ಅತ್ತಿಗೆ? ಅಣ್ಣ ಯಂತ್ರದ ಗಡಿಯಾರ ಸರಿಮಾಡ್ತಾನೇ ಇರ್ಲಿಲ್ಲ. ಅದರ ಲೆಕ್ಕದಲ್ಲಿ ಈ ಹಾಡು ನಾನು ಹುಟ್ಟೋಕ್ಕಿಂತ ಮುಂಚೆ ರೆಕಾರ್ಡ್ ಆಗಿದೆ."

"ನೆನಪಿಲ್ಲ" ಅಂದೆ.

ಅತ್ತೆಗೆ ಗುರುತು ಹತ್ತಿತೇ?

ಮಾರ್ಚ್ ೨೧, ಶನಿವಾರ

ಎರಡು ಸಮುದ್ರ ಆಚೆಯ ಒಂದು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇವರ ಹಾಡು ಮೂವತ್ತೆಂಟನೆಯದಂತೆ. ಪಟ್ಟಿ ಪ್ರತಿ ಶುಕ್ರವಾರ ಬರುತ್ತದಂತೆ. ಇದೆಲ್ಲ ಗುಂಡಿ ಅಕ್ಕ ಹೇಳಿದ್ದು, ಅವಳ ಅಕ್ಕನ ಮಗ ಅಲ್ಲಿದ್ದಾನೆ.

ನಾನು ದಾರಿ ಬದಲಾಯಿಸಿದ್ದೇನೆ. ಮೊಬೈಲ್ ಅಂಗಡಿಯ ಬೀದಿ ಬೇಡ, ಕ್ಷೌರದ ಅಂಗಡಿಯ ಬೀದಿ ಬೇಡ. ಔಷಧಿ ಅಂಗಡಿಯ ಹಿಂದಿನ ಸಂದಿಯಲ್ಲಿ ಹೋದರೆ ಕೊಳಚೆ ವಾಸನೆ ಇದೆ, ಹಾಡಿಲ್ಲ. ನಿನ್ನೆ ಬಸ್ಸಿನ ಡ್ರೈವರು ಹಾಕಿದ. ಎರಡು ಸ್ಟಾಪ್ ಮುಂಚೆಯೇ ಇಳಿದು ನಡೆದೆ.

ಮನೆ ಮುಂದೆ ಮಕ್ಕಳು ಎರಡು ಸಾಲಾಗಿ ನಿಂತು ಆಡುತ್ತಾರೆ. ಒಂದು ಸಾಲು ಬೀಗ ಹಾಕ್ಕೊಂಡು ಹೋಗು ಎನ್ನುತ್ತದೆ. ಇನ್ನೊಂದು ಸಾಲು ಹಾಕಿದೆ ಎನ್ನುತ್ತದೆ. ಆಮೇಲೆ ಎಲ್ಲರೂ ಸೇರಿ ಒಂದು ಚಪ್ಪಾಳೆ.

ಮಾರ್ಚ್ ೨೭, ಶುಕ್ರವಾರ

ಹತ್ತೊಂಬತ್ತು.

ಏಪ್ರಿಲ್ ೩, ಶುಕ್ರವಾರ

ಒಂಬತ್ತು. ಇನ್ನೊಂದು ದೇಶದಲ್ಲಿ ಹನ್ನೆರಡು.

ಊಟದ ಹೊತ್ತಿನಲ್ಲಿ ಗುಂಡಿ ಅಕ್ಕ ಫೋನು ಮುಖಕ್ಕೆ ಹಿಡಿದಳು. ಯಾವುದೋ ದೊಡ್ಡ ಮೈದಾನ. ಹಾಡುವ ಹುಡುಗಿ ಮೈಕನ್ನು ಜನರ ಕಡೆಗೆ ಚಾಚಿದಳು. ನಮ್ಮ ಭಾಷೆಯ ಒಂದಕ್ಷರ ಬರದ ಸಾವಿರಾರು ಜನ, ಒಂದೇ ಗಂಟಲಿನಲ್ಲಿ, "ಹಾಕಿದೆ" ಎಂದರು. ನನ್ನ ಪರವಾಗಿ ಅವರೆಲ್ಲ ಒಪ್ಪಿಕೊಳ್ಳುತ್ತಿದ್ದರು.

"ಅವರಿಗೆ ಅರ್ಥ ಎಲ್ಲಿ ಗೊತ್ತು? ಏನೋ ಪ್ರೀತಿ ಮಾತು ಅಂದ್ಕೊಂಡಿರ್ತಾರೆ" ಎಂದಳು ಗುಂಡಿ ಅಕ್ಕ. ಆಮೇಲೆ ನನ್ನನ್ನೇ ನೋಡಿ, "ಆ ಹೆಂಗಸಿನ ದನಿ ನಿನ್ನ ಹಾಗೇ ಇದೆ ಕಣೇ."

"ನಾನೆಲ್ಲಿ ಹಾಡ್ತೀನಿ?"

"ಅವಳೂ ಹಾಡಿಲ್ಲ. ಮಾತಾಡಿದಾಳೆ ಅಷ್ಟೆ."

ನಾನು ಕೆಮ್ಮಿದೆ. ಅವಳು ನೀರಿನ ಲೋಟ ಮುಂದೆ ತಳ್ಳಿದಳು.

ಬೀಗ ನನ್ನ ಬಟ್ಟೆಯ ಪೆಟ್ಟಿಗೆಯ ತಳದಲ್ಲಿದೆ. ಬೆಳಿಗ್ಗೆ ಅದನ್ನು ಒಯ್ದು ಲಾಂಡ್ರಿಯ ಹರಿದ ಬೆಡ್‌ಶೀಟಿನ ಡಬ್ಬಕ್ಕೆ ಎಸೆದಿದ್ದೆ. ಆ ಡಬ್ಬವನ್ನು ಯಾರೂ ಕೆದಕುವುದಿಲ್ಲ. ಸಂಜೆ ಹೊರಡುವಾಗ ನಾನೇ ಕೆದಕಿ ತೆಗೆದುಕೊಂಡು ಬಂದೆ.

ಏಪ್ರಿಲ್ ೫, ಭಾನುವಾರ

ಅತ್ತೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಾರೆ. ಗಾಳಿಗೆ ಕಿವಿನೋವು ಎನ್ನುತ್ತಾರೆ. ಮಕ್ಕಳು ಆಡಲು ಬಂದ ತಕ್ಷಣ ಕಿಟಕಿ ಹಾಕುತ್ತಾರೆ. ನಾನು ಕೆಲಸಕ್ಕೆ ಹೊರಟರೆ ಬಾಗಿಲವರೆಗೆ ಬಂದು ನನ್ನ ಕೈಯನ್ನೇ ನೋಡುತ್ತ ನಿಲ್ಲುತ್ತಾರೆ.  ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಅವರ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಡುವಾಗ ಇವರ ಕನ್ನಡಕ ಸಿಕ್ಕಿತು. ಕಡ್ಡಿ ಮುರಿದಿದೆಯೆಂದು ಇವರು ಅತ್ತೆಯ ಕೈಗೆ ಕೊಟ್ಟಿದ್ದರು, ರಿಪೇರಿಯವನು ಮಗಳ ಮನೆ ಹತ್ತಿರ ಇದ್ದ. ಹೊಸ ಕಡ್ಡಿ ಹಾಕಿಸಿದ್ದಾರೆ. ಮಗನಿಗೆ ತಲುಪಿಸಲು ಆಗಲೇ ಇಲ್ಲವಲ್ಲ ಅಂದುಕೊಂಡೆ. ಹಾಗೇ ಸುತ್ತಿಟ್ಟೆ.

ಏಪ್ರಿಲ್ ೧೪, ಮಂಗಳವಾರ

ಕೇಬಲ್ ಕುಣಿಯುತ್ತಲೇ ಬಂದ. ಒಂದು ಪಟ್ಟಿಯಲ್ಲಿ ನಾಲ್ಕು, ಇನ್ನೊಂದರಲ್ಲಿ ಎರಡು. ರೆಗೆ ಹುಟ್ಟಿದ ಕಡೆಯಲ್ಲೂ ನುಡಿಸುತ್ತಿದ್ದಾರಂತೆ. "ಅಣ್ಣ ಇದ್ದಿದ್ರೆ ಇವತ್ತು ನೆಲದ ಮೇಲೆ ಕಾಲಿಡ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡ. ಆಮೇಲೆ ಒಂದು ಕಾಗದ ತೆಗೆದ. ಹೊರದೇಶದ ಕಂಪನಿಯದು. ಮೊದಲ ದನಿ ಯಾರದು, ಎರಡನೆಯ ದನಿ ಯಾರದು, ಎಲ್ಲಿ, ಯಾವ ದಿನ. ಕೆಳಗೆ ಸಹಿ.

"ಇನ್ನೊಂದು ವಿಷಯ ಅತ್ತಿಗೆ. ಅವರಿಗೆ ಪೂರ್ತಿ ರೆಕಾರ್ಡಿಂಗ್ ಬೇಕಂತೆ, ಉದ್ದದ ಹಾಡು ಮಾಡೋಕೆ. ಅದು ಐದು ಗಂಟೆ ಇದೆ. ಅಣ್ಣ ನಿಲ್ಲಿಸೋದನ್ನೇ ಮರೆತಿದ್ದಾರೆ. ನಾನು ಮೊದಲಿನ ಹನ್ನೊಂದು ನಿಮಿಷ ತಗೊಂಡು ಉಳಿದದ್ದು ಬರೀ ಅಭ್ಯಾಸ, ಖಾಲಿ ರೂಮು ಅಂತ ಬಿಟ್ಟಿದ್ದೆ. ಸೋಮವಾರ ಕಳಿಸ್ಬೇಕು."

ಐದು ಗಂಟೆ.

ಇವರು ಕರೆದರೇ, ಬಾಗಿಲ ಬಳಿ ತೆವಳಿ ಬಂದರೇ, ಬಡಿದರೇ. ಎಂಟು ತಿಂಗಳಿಂದ ನನ್ನನ್ನು ನಾನು ಕೇಳಿಕೊಳ್ಳದೆ ಬಿಟ್ಟದ್ದೆಲ್ಲ ಅವನ ಚೀಲದಲ್ಲಿದೆ. ಸೋಮವಾರ ಯಾರೋ ಗುರುತಿಲ್ಲದವರು ಕಿವಿಗೆ ಹಾಕಿಕೊಂಡು ಕೇಳುತ್ತಾರೆ.

"ಕಳಿಸೋ ಮುಂಚೆ ನಾನು ಕೇಳ್ಬೇಕು" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಬೇಡ." ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಅಳಿಸಿಬಿಡು ಮಗಾ ಅದನ್ನ. ಈಗ್ಲೇ ಅಳಿಸು."

ಹತ್ತಿ ಇಟ್ಟುಕೊಂಡ ಕಿವಿಗೆ ಅಷ್ಟು ದೂರದ ಮಾತು ಹೇಗೆ ಕೇಳಿಸಿತೋ.

ಏಪ್ರಿಲ್ ೧೬, ಗುರುವಾರ

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತರು.

"ಅವನು ನುಡಿಸಿದ್ದು ಕೇಳಿದೀಯ, ಮಾತಾಡಿದ್ದು ಕೇಳಿದೀಯ. ಇನ್ನೇನು ಕೇಳ್ಬೇಕು ನಿಂಗೆ?"

"ನನಗೂ ಇಷ್ಟ ಇಲ್ಲ ಅತ್ತೆ."

"ಹಾಗಾದ್ರೆ ಕೇಳೋಕೆ ಹೋಗ್ಬೇಡ. ಹೋದ್ರೆ ಈ ಮನೇಲಿ ನಾವಿಬ್ಬರೂ ಹೀಗಿರೋಕಾಗಲ್ಲ ಕಣೇ."

ಬಾಚಣಿಗೆ ಕೈಯಲ್ಲೇ ಉಳಿಯಿತು. ಅವರಿಗೆ ಗೊತ್ತಾಗಿದೆ. ಬೀಗದ ವಿಷಯ ಬಯಲಾದ ಮೇಲೆ ನನ್ನ ಮುಖ ನೋಡಲಾಗದೆಂದು ಅಳಿಸು ಎನ್ನುತ್ತಿದ್ದಾರೆ. ಹೊರಟು ಹೋಗುತ್ತಾರೆ. ಬೆಳಿಗ್ಗೆ ಎರಡು ಲೋಟ ತೊಳೆಯುವುದು ಅಭ್ಯಾಸವಾಗಿಬಿಟ್ಟಿದೆ.

ಏಪ್ರಿಲ್ ೧೮, ಶನಿವಾರ

ಕೆಲಸ ಮುಗಿಸಿ ನೇರ ಕೇಬಲ್‌ನ ರೂಮಿಗೆ ಹೋದೆ. ಮೊಬೈಲ್ ಅಂಗಡಿಯ ಬೀದಿಯಲ್ಲೇ ಹೋದೆ, ಅದು ಹತ್ತಿರ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾನೆ. ಚಹಾ ತರಿಸುತ್ತೇನೆ ಎಂದ. ಬೇಡ, ಮೊದಲು ಕೂತುಕೋ ಎಂದೆ.

ಹೇಳಿದೆ. ಅದು ಆಗಸ್ಟ್ ಹನ್ನೊಂದು ಎಂದು. ಬೀಗ ನಾನೇ ಹಾಕಿದ್ದೆಂದು, ಫೋನು ನನ್ನ ಚೀಲದಲ್ಲಿತ್ತೆಂದು. ಹೇಳಲು ಎಷ್ಟೊಂದು ಮಾತು ಬೇಕಾಗುತ್ತದೆ ಅಂದುಕೊಂಡಿದ್ದೆ. ನಾಲ್ಕೇ ಮಾತಿನಲ್ಲಿ ಮುಗಿದುಹೋಯಿತು.

ಅವನು ಕೊರಳಿನ ವೈರು ತೆಗೆದು ಮೇಜಿನ ಮೇಲಿಟ್ಟ. ಅದಿಲ್ಲದೆ ಅವನನ್ನು ನಾನು ನೋಡಿಯೇ ಇರಲಿಲ್ಲ.

"ಅತ್ತಿಗೆ," ಎಂದ, "ನಾನು ಆ ಟಕ್ಕನ್ನ ಲೂಪ್ ಮಾಡಿದೀನಿ. ಹಾಡಲ್ಲಿ ಅರವತ್ತನಾಲ್ಕು ಸಲ ಬರುತ್ತೆ."

"ಎಣಿಸಿದೀನಿ" ಎಂದೆ.

ಯಾವಾಗ ಎಣಿಸಿದೆನೋ.

ಏಪ್ರಿಲ್ ೧೯, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿ ಹಿಂದೆ ಬಂದರು. ಒಂದು ಅವರದು, ಒಂದು ನನ್ನದು. ಹೇಳಿದರೆ ಮನೆಗೆ ಹಿಂದಿರುಗಿ ಅಲ್ಲೇ ಉಳಿಯುತ್ತಾರೆಂದು ಹೇಳಲಿಲ್ಲ.

ಕೇಬಲ್ ಕೂರಿಸಿದ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಹನ್ನೊಂದನೆಯ ನಿಮಿಷದಿಂದ ಶುರುಮಾಡಿದ. ಇವರು ನುಡಿಸುತ್ತಿದ್ದರು. "ಇನ್ನೊಂದ್ಸಲ" ಎಂದು ತಮಗೇ ಹೇಳಿಕೊಂಡರು. ಮತ್ತೆ ನುಡಿಸಿದರು. ಹತ್ತೊಂಬತ್ತನೆಯ ನಿಮಿಷದಲ್ಲಿ ಒಂದು ಸ್ವರ ಅರ್ಧಕ್ಕೆ ನಿಂತಿತು. ಕುರ್ಚಿ ಕಿರ್ರೆಂದಿತು. ಭಾರವಾದ ಸದ್ದು. ತಂತಿಗಳು ಬಹಳ ಹೊತ್ತು ಗುಂಯ್ಗುಟ್ಟಿ, ಗುಂಯ್ಗುಟ್ಟಿ, ನಿಂತವು.

ನಾನು ಕಾದೆ. ಈಗ ಕರೆಯುತ್ತಾರೆ. ಈಗ.

ಕೇಬಲ್ ಪರದೆಯ ಮೇಲಿನ ಗೆರೆ ತೋರಿಸಿದ. ಸದ್ದಿದ್ದರೆ ಅದು ಎದ್ದು ನಿಲ್ಲುತ್ತದೆ. ನೆಲಕ್ಕೆ ಮಲಗಿಬಿಟ್ಟಿತ್ತು. "ಇಲ್ಲಿಂದ ಏನೂ ಇಲ್ಲ ಅತ್ತಿಗೆ. ಒಂದು ಹೆಜ್ಜೆ ಇಲ್ಲ, ಒಂದು ಉಸಿರಿಲ್ಲ. ನೀವಿನ್ನೂ ಬಸ್ಸಲ್ಲಿ ಇದ್ರಿ."

ನನಗೆ ಅಳು ಬರಲಿಲ್ಲ. ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿ, ಮತ್ತೆ ಸುತ್ತಿಕೊಂಡೆ.

ಅವನು ಗೆರೆಯನ್ನು ಮುಂದಕ್ಕೆ ಓಡಿಸುತ್ತಿದ್ದ. ಒಂದು ಗಂಟೆ ಐವತ್ತು ನಿಮಿಷದ ಹತ್ತಿರ ಸಣ್ಣ ಗುಬ್ಬಚ್ಚಿಯ ಹಾಗೆ ಏನೋ ಎದ್ದಿತ್ತು.

"ಇದೇನಿದು?"

"ಬೇಡ ಮಗಾ" ಅಂದರು ಅತ್ತೆ. ಅವನು ಆಗಲೇ ಒತ್ತಿಬಿಟ್ಟಿದ್ದ.

ಹೊರಗಿನಿಂದ ಚಪ್ಪಲಿ ಸದ್ದು. ಬೀಗವನ್ನು ಯಾರೋ ಎತ್ತಿ ಬಿಟ್ಟರು, ಟಕ್. ಇನ್ನೊಮ್ಮೆ, ಟಕ್. ಆಮೇಲೆ ಅತ್ತೆಯ ದನಿ, ರೆಕಾರ್ಡಿಂಗ್ ಕೆಡಬಾರದೆಂದು ಪಿಸುಮಾತಿನಲ್ಲಿ: "ಕನ್ನಡಕ ತಂದಿದೀನಿ ಕಣೋ. ನುಡಿಸ್ತಿದೀಯಾ?" ಸ್ವಲ್ಪ ಹೊತ್ತು ಏನೂ ಇಲ್ಲ. "ಸರಿ. ಆಮೇಲೆ ಬರ್ತೀನಿ." ಚಪ್ಪಲಿ ಸದ್ದು ದೂರವಾಯಿತು.

ಕೇಬಲ್ ನಿಲ್ಲಿಸಿದ. ರೆಕಾರ್ಡಿಂಗಿನ ಕೊನೆಯಲ್ಲಿ ನಾನಿದ್ದೇನೆ, ಬೀಗ ತೆಗೆಯುತ್ತೇನೆ, ಚೀಲಕ್ಕೆ ತುರುಕುತ್ತೇನೆ. ಅದನ್ನು ಹಾಕು ಎಂದು ಯಾರೂ ಹೇಳಲಿಲ್ಲ.

ಅತ್ತೆ ತಮ್ಮ ಕಾಲಿನ ಎರಡು ಬಗೆಯ ಚಪ್ಪಲಿಗಳನ್ನು ನೋಡುತ್ತ ಕೂತಿದ್ದರು.

"ಹೊಸ ಬೀಗ. ಭಾರ ಇತ್ತು" ಎಂದರು. "ಬೀಗ ಹಾಕಿಸ್ಕೊಂಡು ಒಳಗೆ ನುಡಿಸ್ತೀನಿ ಅಂತ ಅವನೇ ನಂಗೆ ಹೇಳಿದ್ದ. ಬಾಗಿಲು ಎಳ್ಕೊಂಡಿತ್ತು ಅಂತ ನೀನು ಡಾಕ್ಟರಿಗೆ ಹೇಳ್ದಾಗ ನಾನು ಪಕ್ಕದಲ್ಲೇ ಇದ್ದೆ. ಇಲ್ಲ, ಬೀಗ ಇತ್ತು ಅಂತ ಅಂದಿದ್ರೆ, ನಿಮಗೆ ಹೇಗೆ ಗೊತ್ತು ಅಂತ ನೀನು ಕೇಳ್ತಿದ್ದೆ. ಗೊತ್ತಿದ್ದೂ ಯಾಕೆ ವಾಪಸ್ ಹೋದ್ರಿ, ಯಾಕೆ ಕೂಗಿ ಕರೀಲಿಲ್ಲ ಅಂತ ಕೇಳ್ತಿದ್ದೆ. ಹಾಡು ಬಂದಾಗೆಲ್ಲ ಆ ಟಕ್ ನಂದೇ ಅಂದ್ಕೊಂಡೆ. ನಾನು ಎತ್ತಿ ಬಿಟ್ಟಿದ್ದು. ಲೋಕಕ್ಕೆಲ್ಲ ಕೇಳಿಸ್ತಿದೆ, ಇವತ್ತಲ್ಲ ನಾಳೆ ಇವಳಿಗೆ ಗುರುತು ಸಿಗುತ್ತೆ ಅಂತ."

"ಅದು ನಂದು ಅತ್ತೆ" ಎಂದೆ.

 ಅವರ ಕಿವಿಯಲ್ಲಿ ಒಂದು ಎಳೆ ಹತ್ತಿ ಅಂಟಿಕೊಂಡಿತ್ತು. ತೆಗೆದೆ.

ಏಪ್ರಿಲ್ ೨೪, ಶುಕ್ರವಾರ

ಒಂದು. ಎರಡು ದೇಶಗಳಲ್ಲಿ.

ಗುಂಡಿ ಅಕ್ಕ ರೇಡಿಯೋ ಜೋರು ಮಾಡಿದಳು. ನಾನು ಬೆಡ್‌ಶೀಟಿನ ತುದಿ ಬಿಡಲಿಲ್ಲ. ಮಡಿಕೆ ಸರಿಯಾಗಿ ಬಂತು. "ಆ ದನಿ ನಿಂದೇ ತಾನೇ?" ಎಂದಳು. ಹೂಂ ಎಂದೆ. "ನಂಗೆ ಮೊದಲ ದಿನವೇ ಗೊತ್ತಿತ್ತು. ಇನ್ನೊಂದು ತುದಿ ಎಳಿ, ಸುಕ್ಕಾಗ್ತಿದೆ."

ಕಂಪನಿಗೆ ಹನ್ನೊಂದು ನಿಮಿಷ ಬಿಟ್ಟು ಬೇರೇನೂ ಕಳಿಸಲಿಲ್ಲ. ಉಳಿದದ್ದು ಇರುವ ಮೆಮೊರಿ ಕಾರ್ಡನ್ನು ಕೇಬಲ್ ಅತ್ತೆಯ ಕೈಗೆ ಕೊಟ್ಟ. ಉಗುರಿನಷ್ಟಿದೆ. ಅವರು ಅದನ್ನು ಕನ್ನಡಕದ ಜೊತೆ ಸುತ್ತಿಟ್ಟರು. ಕಾಗದದಲ್ಲಿ ಮೊದಲ ದನಿಯ ಮುಂದೆ ಗಂಡ ಎಂದೂ ಎರಡನೆಯದರ ಮುಂದೆ ಹೆಂಡತಿ ಎಂದೂ ಬರೆದು ಸಹಿ ಹಾಕಿದೆ. ದಿನ, ಆಗಸ್ಟ್ ಹನ್ನೊಂದು. ರಾಗ ಯಾರದು ಎಂದು ಒಂದು ಕಡೆ ಕೇಳಿದ್ದರು. ಅಲ್ಲಿ ಅತ್ತೆ ತಾವೇ ಬರೆದರು, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ: ತಾಯಿ.

ಮೇ ೪, ಸೋಮವಾರ

ಎಂಟು ನಲವತ್ತಕ್ಕೆ ಹೊರಟೆ. ಅತ್ತೆ ಒಳಗೆ ಬೇಳೆ ಆರಿಸುತ್ತಿದ್ದರು, ಗುನುಗುತ್ತಿದ್ದರು. ಬಾಗಿಲು ಎಳೆದುಕೊಂಡೆ, ಅಷ್ಟೆ. ಬಸ್ ಸ್ಟಾಪಿಗೆ ಹೋಗಿ ನಿಂತ ಮೇಲೆ ಅನುಮಾನ ಬಂತು. ಅಭ್ಯಾಸ ಕೆಟ್ಟದ್ದು. ಹಾಕಿಬಿಟ್ಟೆನೇ?

ಬಂದ ಬಸ್ಸನ್ನು ಬಿಟ್ಟು ಓಡುತ್ತ ಹಿಂದಿರುಗಿದೆ. ಬೀಗ ಇರಲಿಲ್ಲ. ಬೆರಳಿನಿಂದ ತಳ್ಳಿದೆ, ಬಾಗಿಲು ತೆರೆದುಕೊಂಡಿತು.

ಅತ್ತೆ ಇವರ ಕನ್ನಡಕ ಹಾಕಿಕೊಂಡಿದ್ದರು. ತಲೆ ಎತ್ತಿ ನೋಡಿದರು.

"ಏನು ಮರೆತೆ?"

"ಏನಿಲ್ಲ ಅತ್ತೆ."

"ಹೋಗು ಮತ್ತೆ. ಬಸ್ಸು ತಪ್ಪುತ್ತೆ."